ಬಿಸಿಲಿಗೆ ಹೋಗದವರಿಗೂ ಬಿಸಿಲು ಬಡಿಯುತ್ತಾ?

ಪ್ರಶ್ನೆ: ಸರ್, ನಮಸ್ಕಾರ. ನಾವು ಕಲಬುರಗಿ ಜಿಲ್ಲೆಯ ಚಿತ್ತಾಪುರ ತಾಲ್ಲೂಕಿನವರು. ಬಿಸಿಲು ನಮಗೇನು ಹೊಸದಲ್ಲ. ನಮ್ಮ ಅಪ್ಪನಿಗೆ 68 ವರ್ಷ, ಬಿಪಿ ಗುಳಿಗೆ ತಗೋತಾರೆ. ಮೇ ತಿಂಗಳಲ್ಲಿ 43 ಡಿಗ್ರಿ ಇದ್ದಾಗ ಅವರಿಗೆ ಏನೂ ಆಗಲಿಲ್ಲ. ಜೂನ್‌ನಲ್ಲಿ ಒಂದು ದೊಡ್ಡ ಮಳೆ ಬಿತ್ತು. ಬೇಸಿಗೆ ಮುಗೀತು ಅಂದುಕೊಂಡೆವು. ಮಾರನೇ ದಿನ ಬರೀ 38 ಡಿಗ್ರಿ. ಮಹಡಿ ಮೇಲಿನ ಪತ್ರಾಸ್ (ತಗಡಿನ ಸೂರಿನ) ಕೋಣೆಯಲ್ಲಿ ಕಿಟಕಿ ಬಾಗಿಲು ಹಾಕಿ, ಕೂಲರ್ ಹಚ್ಚಿಕೊಂಡು ಮಧ್ಯಾಹ್ನ ಮಲಗಿದ್ದರು. ಸಂಜೆ ಎದ್ದಾಗ ತೊದಲುತ್ತಿದ್ದರು, ನನ್ನನ್ನೇ ಗುರುತಿಸಲಿಲ್ಲ. ಡಾಕ್ಟರ್ 'ಬಿಸಿಲು ಬಡಿದಿದೆ' ಅಂದರು. ಎರಡು ದಿನ ಆಸ್ಪತ್ರೆಯಲ್ಲಿದ್ದು ಹುಷಾರಾಗಿ ಬಂದರು. ಬಿಸಿಲಿಗೆ ಹೋಗದವರಿಗೆ ಬಿಸಿಲು ಹೇಗೆ ಬಡಿಯುತ್ತೆ? ಮಳೆ ಬಿದ್ದ ಮೇಲೆ ಕುದಿ ಜಾಸ್ತಿ ಆಗೋದು ಯಾಕೆ? ಅಕ್ಕನ ಮನೆ ಬೀದರ್‌ನಲ್ಲಿ, ಅಲ್ಲಿ ಇಷ್ಟು ಧಗೆ ಇಲ್ಲ. ಅದು ಯಾಕೆ? ಅಪ್ಪ ಮಾತ್ರ ಈಗಲೂ ಅದೇ ಕೋಣೆಯಲ್ಲಿ ಮಲಗ್ತೀನಿ ಅಂತ ಹಟ ಮಾಡ್ತಾರೆ.

ಉತ್ತರ: ಅಪ್ಪ ಹುಷಾರಾಗಿ ಮನೆಗೆ ಬಂದರಲ್ಲ, ಅದು ದೊಡ್ಡದು. ಡಾಕ್ಟರ್ ಹೇಳಿದ್ದು ಸರಿಯೇ. ನಾವು 'ಬಿಸಿಲು ಬಡಿಯಿತು', 'ಝಳ ಹತ್ತಿತು' ಅಂತ ಹೇಳ್ತಾ ಹೇಳ್ತಾ ತಪ್ಪೆಲ್ಲ ಸೂರ್ಯನ ತಲೆಗೆ ಕಟ್ಟಿಬಿಟ್ಟಿದ್ದೇವೆ. ಮೈಗೆ ಬೇಕಾದದ್ದು ಒಂದೇ, ಒಳಗಿನ ಶಾಖ ಹೊರಗೆ ಹೋಗಬೇಕು. ಆ ದಾರಿ ಮುಚ್ಚಿದರೆ ನೆರಳಲ್ಲಿದ್ದರೂ ಬಡಿಯುತ್ತೆ, ಮಲಗಿದ್ದರೂ ಬಡಿಯುತ್ತೆ. ನಿಮ್ಮ ಪತ್ರದಲ್ಲಿ ಆ ದಾರಿ ಹೇಗೆ ಮುಚ್ಚಿತು ಅನ್ನೋದಕ್ಕೆ ನಾಲ್ಕು ಸುಳಿವು ಇವೆ. ಹಿಂದಿನ ದಿನದ ಮಳೆ, ಪತ್ರಾಸ್, ಮುಚ್ಚಿದ ಕಿಟಕಿ, ಬಿಪಿ ಗುಳಿಗೆ.

ನಿಮ್ಮ ಮನೆಯಲ್ಲಿ ಮಣ್ಣಿನ ಹರವಿ ಇದೆ ಅಂದುಕೊಳ್ತೀನಿ. ಮೇ ತಿಂಗಳಲ್ಲಿ ಅದರ ನೀರು ಹಲ್ಲು ಜುಮ್ಮೆನ್ನುವಷ್ಟು ತಂಪು. ಅದೇ ಹರವಿ, ಅದೇ ಜಾಗ, ಜೂನ್ ಹೊತ್ತಿಗೆ ನೀರು ಸಪ್ಪೆ ಸಪ್ಪೆ. ಹರವಿಯ ಮೈಯಿಂದ ಜಿನುಗಿದ ನೀರು ಗಾಳಿಗೆ ಆರುತ್ತೆ. ಆರುವಾಗ ಒಳಗಿನ ನೀರಿನ ಶಾಖವನ್ನು ಎಳೆದುಕೊಂಡು ಹೋಗುತ್ತೆ. ಗಾಳಿ ಒಣಗಿದ್ದಷ್ಟೂ ಬೇಗ ಆರುತ್ತೆ, ಜಾಸ್ತಿ ತಂಪಾಗುತ್ತೆ. ಗಾಳಿಯಲ್ಲೇ ಪಸೆ ಇದ್ದರೆ ಜಿನುಗಿದ್ದು ಆರೋದೇ ಇಲ್ಲ, ಹರವಿಯ ಬುಡದಲ್ಲಿ ಸುಮ್ನೆ ತೊಟ್ಟಿಕ್ಕುತ್ತೆ.

ನಮ್ಮ ಮೈಯೂ ಒಂದು ಹರವಿಯೇ. ಒಂದು ಲೀಟರ್ ಬೆವರು ಮೈಮೇಲೆ ಪೂರ್ತಿ ಆರಿದರೆ ಸುಮಾರು 580 ಕಿಲೋ ಕ್ಯಾಲೊರಿ ಶಾಖ ಹೊರಗೆ ಹೋಗುತ್ತೆ. ಗಾಳಿಯೇ 37 ಡಿಗ್ರಿ ದಾಟಿದಾಗ ಮೈಗೆ ಇರುವ ದಾರಿ ಇದೊಂದೇ. ಯಾಕೆಂದರೆ ಆಗ ಸುತ್ತಲಿನ ಗಾಳಿ ಮೈಗಿಂತ ಬಿಸಿ, ಅದು ಶಾಖ ತೆಗೆದುಕೊಳ್ಳೋದಿಲ್ಲ, ಕೊಡುತ್ತೆ. ಆದರೆ ಬೆವರು ಆರಬೇಕು. ನೆಲಕ್ಕೆ ತೊಟ್ಟಿಕ್ಕಿದ ಬೆವರು, ಟವೆಲ್‌ನಲ್ಲಿ ಒರೆಸಿದ ಬೆವರು ಲೆಕ್ಕಕ್ಕಿಲ್ಲ.

ಈ ಹರವಿಯ ಗುಣವನ್ನು ಅಳೆಯೋಕೆ ಹವಾಮಾನದವರು ಥರ್ಮಾಮೀಟರಿನ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿ ಗಾಳಿಗೆ ಹಿಡೀತಾರೆ. ಅದು ತೋರಿಸೋದೇ ವೆಟ್ ಬಲ್ಬ್ ತಾಪಮಾನ. ಬೆವರಿನಿಂದ ಎಷ್ಟರ ಮಟ್ಟಿಗೆ ತಂಪಾಗಬಹುದು ಅನ್ನೋದರ ಗಡಿ ಅದು. ಎರಡು ದಿನಗಳ ಲೆಕ್ಕ ಹಾಕಿ ನೋಡೋಣ. ಮೇ ತಿಂಗಳ ಒಂದು ಮಧ್ಯಾಹ್ನ 42 ಡಿಗ್ರಿ, ಗಾಳಿಯ ತೇವಾಂಶ ನೂರಕ್ಕೆ 15. ವೆಟ್ ಬಲ್ಬ್ ಬರೋದು 22 ಡಿಗ್ರಿ ಹತ್ತಿರ. ಜೂನ್‌ನ ಒಂದು ದಿನ 36 ಡಿಗ್ರಿ, ತೇವಾಂಶ ನೂರಕ್ಕೆ 60. ವೆಟ್ ಬಲ್ಬ್ 29 ದಾಟುತ್ತೆ. ಪೇಪರ್‌ನಲ್ಲಿ ಆರು ಡಿಗ್ರಿ ಕಮ್ಮಿ, ಮೈಗೆ ಏಳು ಡಿಗ್ರಿ ಜಾಸ್ತಿ. ವೆಟ್ ಬಲ್ಬ್ 35 ಮುಟ್ಟಿದರೆ ಎಂಥ ಗಟ್ಟಿಮುಟ್ಟಾದ ಮನುಷ್ಯನೂ ಕೆಲವು ಗಂಟೆಗಿಂತ ಜಾಸ್ತಿ ತಡೆಯಲಾರ ಅಂತ ಮೊದಲು ಲೆಕ್ಕ ಹಾಕಿದ್ದರು. ಆಮೇಲೆ ಆರೋಗ್ಯವಂತ ಹುಡುಗ ಹುಡುಗಿಯರಿಂದಲೇ ಕೋಣೆಯಲ್ಲಿ ಹಗುರ ಕೆಲಸ ಮಾಡಿಸಿ ನೋಡಿದಾಗ 31ರ ಆಸುಪಾಸಿನಲ್ಲೇ ಅವರ ಮೈ ಬಿಸಿ ಏರತೊಡಗಿತು. 68 ವರ್ಷದವರ ಗಡಿ ಅದಕ್ಕಿಂತ ಕೆಳಗೇ ಇರುತ್ತೆ ಅನ್ನೋದನ್ನು ಬಿಡಿಸಿ ಹೇಳಬೇಕಿಲ್ಲ.

ಹಾಗಂತ ಮೇ ತಿಂಗಳ ಒಣ ಬಿಸಿಲು ಸುಖ ಅಂತಲ್ಲ. ಅದು ಬೇರೆ ದಾರಿಯಿಂದ ಕೊಲ್ಲುತ್ತೆ. ಬೆವರು ಬಂದದ್ದೇ ಗೊತ್ತಾಗದಂತೆ ಆರಿ, ಮೈಯಲ್ಲಿನ ನೀರು ಉಪ್ಪು ಎರಡೂ ಖಾಲಿ ಆಗುತ್ತವೆ. ಶಹಾಬಾದ್ ಕಡೆ ಕಲ್ಲಿನ ಗಣಿಯಲ್ಲಿ ಕೆಲಸ ಮಾಡುವವರ ಅಂಗಿ ಬೆನ್ನ ಮೇಲೆ ಉಪ್ಪಿನ ಬಿಳಿ ಗೆರೆ ನೋಡಿರಬಹುದು. ಅಂಗಿ ಒಣಗೇ ಇರುತ್ತೆ, ಉಪ್ಪು ಮಾತ್ರ ಉಳಿದಿರುತ್ತೆ.

ಈಗ ಕೂಲರ್ ವಿಷಯ. ಕೂಲರ್ ಅಂದರೆ ಮೋಟರ್ ಇಟ್ಟ ಹರವಿ, ಅಷ್ಟೇ. ಹೊರಗಿನ ಒಣ ಗಾಳಿಯನ್ನು ಒದ್ದೆ ಹುಲ್ಲಿನ ಮೂಲಕ ಎಳೆದು ಒಳಗೆ ಬಿಡುತ್ತೆ. ಆ ಗಾಳಿ ಇನ್ನೊಂದು ಕಡೆಯಿಂದ ಹೊರಗೆ ಹೋಗಲೇಬೇಕು. ನಮ್ಮ ಕಡೆ ಮಾತ್ರ ತಂಪು ಹೊರಗೆ ಹೋಗಿಬಿಡುತ್ತೆ ಅಂತ ಕಿಟಕಿ ಬಾಗಿಲು ಗಟ್ಟಿಯಾಗಿ ಹಾಕಿ ಮಲಗುವವರೇ ಜಾಸ್ತಿ. ಎಸಿ ನೋಡಿ ಬಂದ ರೂಢಿ ಇದು. ಮುಚ್ಚಿದ ಕೋಣೆಯಲ್ಲಿ ಕೂಲರ್ ಅದೇ ಗಾಳಿಯನ್ನು ಮತ್ತೆ ಮತ್ತೆ ತೇವ ಮಾಡ್ತಾ ಹೋಗುತ್ತೆ. ಒಂದು ಗಂಟೆ ಹೋದರೆ ಕೋಣೆ ಅಡುಗೆಮನೆಯ ಹಬೆಯಂತೆ ಆಗಿರುತ್ತೆ. ಆ ದಿನ ಹೊರಗಿನ ಗಾಳಿಯೇ ಮಳೆಯಿಂದ ಒದ್ದೆ. ಮೇಲೆ ಪತ್ರಾಸ್ ಕಾದಿತ್ತು. ಒಳಗೆ ಕೂಲರ್ ನೀರು ಸೇರಿಸ್ತಾ ಇತ್ತು. ನಿಮ್ಮ ಅಪ್ಪನ ಬೆವರಿಗೆ ಆರೋಕೆ ಜಾಗವೇ ಇರಲಿಲ್ಲ.

ಪತ್ರಾಸ್ ಬಗ್ಗೆ ನನ್ನದೇ ಒಂದು ಅನುಭವ ಹೇಳ್ತೀನಿ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಕಲಬುರಗಿಯಲ್ಲಿ ಪತ್ರಾಸ್ ಹೊದಿಸಿದ ಒಂದು ಬಾಡಿಗೆ ಕೋಣೆಯಲ್ಲಿದ್ದೆ. ಕರೆಂಟ್ ಹೋದಾಗ ಬೇಕಾಗುತ್ತೆ ಅಂತ ಮೇಲಿನ ಗೂಡಿನಲ್ಲಿ ಮೇಣದಬತ್ತಿ ನಿಲ್ಲಿಸಿದ್ದೆ. ಏಪ್ರಿಲ್‌ನ ಒಂದು ಸಂಜೆ ಬಂದು ನೋಡಿದರೆ ಅದು ಸೊಂಟ ಬಗ್ಗಿಸಿ ನೆಲಕ್ಕೆ ನಮಸ್ಕಾರ ಮಾಡ್ತಾ ನಿಂತಿತ್ತು. ಬೆಂಕಿ ಕಡ್ಡಿ ಗೀರಿರಲಿಲ್ಲ, ಬಿಸಿಲು ಒಳಗೆ ಬಿದ್ದಿರಲಿಲ್ಲ. ಕಾದ ತಗಡು ಕೆಳಗಿರುವ ಎಲ್ಲದಕ್ಕೂ ಒಲೆಯಂತೆ ಶಾಖ ಸುರಿಸುತ್ತೆ. ಗಾಳಿಯನ್ನು ತಂಪು ಮಾಡಿದರೂ ಆ ಝಳ ತಪ್ಪೋದಿಲ್ಲ.

ಇದು ನಮ್ಮೂರಿನ ಕಥೆ ಮಾತ್ರ ಅಲ್ಲ. 2003ರ ಆಗಸ್ಟ್‌ನಲ್ಲಿ ಫ್ರಾನ್ಸ್‌ನಲ್ಲಿ ಬಿಸಿಗಾಳಿಗೆ ಸುಮಾರು 15,000 ಜನ ಸತ್ತರು. ಪ್ಯಾರಿಸ್‌ನಲ್ಲಿ ಆಗ ಇದ್ದದ್ದು 40ರ ಆಸುಪಾಸು. ನಮ್ಮ ಏಪ್ರಿಲ್ ತಿಂಗಳ ಲೆಕ್ಕದಲ್ಲಿ ಅದೇನು ಮಹಾ ಅಂತ ಅನ್ನಿಸುತ್ತೆ. ಆದರೆ ಸತ್ತವರಲ್ಲಿ ಬಹಳ ಮಂದಿ ವಯಸ್ಸಾದವರು, ಮನೆಯೊಳಗೇ ಇದ್ದವರು. ಸತುವಿನ ತಗಡು ಹೊದಿಸಿದ ಸೂರಿನ ಕೆಳಗೆ, ಮೇಲಂತಸ್ತಿನಲ್ಲಿ ಇದ್ದವರಿಗೆ ಅಪಾಯ ಜಾಸ್ತಿ ಇತ್ತು ಅಂತ ಆಮೇಲೆ ನಡೆದ ಅಧ್ಯಯನದಲ್ಲಿ ಗೊತ್ತಾಯಿತು. ಮೇಲಂತಸ್ತು, ತಗಡು, ವಯಸ್ಸು. ಈ ಮೂರೂ ನಿಮ್ಮ ಮನೆಯಲ್ಲೂ ಕೂಡಿದ್ದವು.

ಸ್ಲ್ಯಾಬ್ ಮನೆಯ ಗುಣ ಬೇರೆ. ತಗಡು ಬೇಗ ಕಾಯುತ್ತೆ, ಹೊತ್ತು ಮುಳುಗಿದ ಮೇಲೆ ಬೇಗ ಆರುತ್ತೆ. ಸ್ಲ್ಯಾಬ್ ಹಗಲೆಲ್ಲ ಶಾಖ ಕುಡಿದು ರಾತ್ರಿ ಕಕ್ಕುತ್ತೆ. ರಾತ್ರಿ ಹತ್ತಕ್ಕೆ ಮಂಚದ ಮೇಲೆ ನಿಂತು ಮೇಲಕ್ಕೆ ಅಂಗೈ ಒತ್ತಿ ನೋಡಿ, ಆಗ ತಾನೇ ಇಳಿಸಿದ ರೊಟ್ಟಿ ಹಂಚು ನೆನಪಾಗುತ್ತೆ. ಹಗಲು ಸೋತ ಮೈ ಚೇತರಿಸಿಕೊಳ್ಳೋದು ರಾತ್ರಿಯ ತಂಪಿನಲ್ಲಿ. ಆ ತಂಪು ಸಿಗದ ರಾತ್ರಿಗಳು ಮೂರು ನಾಲ್ಕು ಸಾಲಾಗಿ ಬಂದರೆ ವಯಸ್ಸಾದವರ ಹೃದಯ ಸೋಲುತ್ತೆ. ಹಾಗಾಗಿ ನಾನು ಬೇಸಿಗೆಯಲ್ಲಿ ಮಧ್ಯಾಹ್ನದ ಅಂಕಿಗಿಂತ ಬೆಳಗಿನ ಜಾವದ ಅಂಕಿಯನ್ನೇ ಮೊದಲು ನೋಡ್ತೀನಿ. ನಮ್ಮ ಹಳೇ ಮಾಳಿಗೆ ಮನೆಗಳಲ್ಲಿ ಗೋಡೆ ಮೊಳದಗಲ, ಮೇಲೆ ತೊಲೆ ಜಂತಿ, ಅದರ ಮೇಲೆ ದಪ್ಪಗೆ ಮಣ್ಣು, ನಡುವೆ ಒಂದು ಬೆಳಕಿಂಡಿ. ಹೊರಗಿನ ಶಾಖ ಒಳಗೆ ಮುಟ್ಟುವ ಹೊತ್ತಿಗೆ ರಾತ್ರಿ ಆಗಿರುತ್ತಿತ್ತು, ಅಷ್ಟು ಹೊತ್ತಿಗೆ ಮನೆಮಂದಿ ಮಾಳಿಗೆ ಮೇಲೆ ಹಾಸಿಗೆ ಹಾಕಿರುತ್ತಿದ್ದರು. ಪ್ರತಿ ಮಳೆಗಾಲಕ್ಕೆ ಮಣ್ಣು ಮೆತ್ತುವ ಕಷ್ಟ ಗೊತ್ತಿದ್ದವರು ಅದನ್ನು ಕೆಡವಿದರೆ ನಾನು ಬಯ್ಯೋದಿಲ್ಲ. ಆದರೆ ಕೆಡವಿದ ಜಾಗದಲ್ಲಿ ಕಟ್ಟಿದ್ದಕ್ಕೆ ಸುಣ್ಣವನ್ನಾದರೂ ಹೊಡೆಯಬಹುದಿತ್ತು.

ನಮ್ಮ ನೆಲ ಇಷ್ಟು ಕಾಯೋದಾದರೂ ಯಾಕೆ? ಕಲಬುರಗಿ ಇರೋದು ಉತ್ತರಕ್ಕೆ 17.3 ಡಿಗ್ರಿ ಅಕ್ಷಾಂಶದಲ್ಲಿ. ಮೇ 9ರ ಸುಮಾರಿಗೆ ನಡು ಮಧ್ಯಾಹ್ನ ಸೂರ್ಯ ನೆತ್ತಿಯ ಮೇಲೆ ನೆಟ್ಟಗೆ ಬರ್ತಾನೆ. ನೆಟ್ಟಗೆ ನಿಲ್ಲಿಸಿದ ಕೋಲಿಗೆ ಆಗ ನೆರಳೇ ಇರೋದಿಲ್ಲ, ಮಕ್ಕಳಿಗೆ ಮಾಡಿ ತೋರಿಸಿ. ತಮಾಷೆ ಅಂದರೆ, ಆಗಸ್ಟ್ ಮೊದಲ ವಾರದಲ್ಲೂ ಅದೇ ಸೂರ್ಯ ಅದೇ ನೆತ್ತಿಯ ಮೇಲೆ ಇನ್ನೊಂದು ಸಲ ಬರ್ತಾನೆ. ಆಗ ನಮಗೆ ಧಗೆ ಇಲ್ಲ. ಆಗ ಮೋಡ ಇರುತ್ತೆ, ಹೊಲದಲ್ಲಿ ತೊಗರಿ ಎದ್ದಿರುತ್ತೆ, ಎರೆ ಮಣ್ಣು ಹಸಿ ಇರುತ್ತೆ. ಬಿದ್ದ ಬಿಸಿಲಿನ ದೊಡ್ಡ ಪಾಲು ಆ ನೀರನ್ನು ಆರಿಸೋದಕ್ಕೇ ಖರ್ಚಾಗುತ್ತೆ. ಮೇ ತಿಂಗಳಲ್ಲಿ ತೊಗರಿ ಇಲ್ಲ, ಬಿಳಿಜೋಳ ಇಲ್ಲ, ಎರೆ ಹೊಲ ಕಾಲು ಹೋಗುವಷ್ಟು ಬಿರುಕು ಬಿಟ್ಟಿರುತ್ತೆ. ಆರಿಸೋಕೆ ನೀರೇ ಇಲ್ಲದ ಬಿಸಿಲು ಗಾಳಿಯನ್ನು ಕಾಯಿಸ್ತಾ ಕೂರುತ್ತೆ. ಪಡುವಣ ಕಡಲು ಇಲ್ಲಿಂದ 350 ಕಿಲೋಮೀಟರಿಗಿಂತ ಜಾಸ್ತಿ ದೂರ, ಮೂಡಣದ್ದು ಅದಕ್ಕಿಂತ ದೂರ. ಕಡಲ ಗಾಳಿ ಬಂದು ಮುಟ್ಟುವ ಮಾತಿಲ್ಲ.

ಇನ್ನು, ಮಳೆ ಬಿದ್ದ ಮೇಲೆ ಯಾಕೆ ಕುದಿ? ರೋಹಿಣಿ, ಮಿರಗದ ಹೊತ್ತಿಗೆ ಒಂದು ಗುಡುಗು ಮಳೆ ಬೀಳುತ್ತೆ. ಆ ಸಂಜೆ ಮಣ್ಣಿನ ವಾಸನೆ, ತಂಪು ಗಾಳಿ, ಎಲ್ಲರಿಗೂ ಖುಷಿ. ಮಾರನೇ ದಿನ ಮೋಡ ಚದುರಿ ಬಿಸಿಲು ಬಿದ್ದರೆ, ಕಾದ ನೆಲ ಕುಡಿದ ನೀರನ್ನು ಹಬೆಯಾಗಿ ವಾಪಸ್ ಬಿಡುತ್ತೆ. ಥರ್ಮಾಮೀಟರ್ ಇಳಿದಿರುತ್ತೆ, ವೆಟ್ ಬಲ್ಬ್ ಏರಿರುತ್ತೆ. ಸರಿಯಾದ ಮುಂಗಾರು ಹಿಡಿದು ಮೋಡ ಕವಿದು ಗಾಳಿ ಬೀಸುವ ತನಕ ಈ ಕುದಿ ಇರುತ್ತೆ. ಮುಂಗಾರು ತಡವಾದ ವರ್ಷಗಳಲ್ಲಿ ಇದು ಎರಡು ಮೂರು ವಾರ ಎಳೆಯುತ್ತೆ. ಅಷ್ಟರಲ್ಲಿ ಜನ ಕೊಡೆ ಹುಡುಕ್ತಾ ಇರ್ತಾರೆ, ಬಿಸಿಲಿನ ಎಚ್ಚರ ಬಿಟ್ಟಿರ್ತಾರೆ. ನಿಮ್ಮ ಮನೆಯಲ್ಲಿ ಆದದ್ದು ಅದೇ ಅಲ್ವಾ?

ಮಳೆಯ ಮಾತು ಬಂದಿದ್ದರಿಂದ ಸ್ವಲ್ಪ ಬಿಡಿಸಿ ಹೇಳ್ತೀನಿ. ಅರಬ್ಬಿ ಕಡಲಿಂದ ಬರುವ ಮೋಡ ತನ್ನ ಬಹುಪಾಲು ನೀರನ್ನು ಪಶ್ಚಿಮ ಘಟ್ಟದ ಮೇಲೆ ಸುರಿದುಬಿಡುತ್ತೆ. ಆಗುಂಬೆಗೆ ವರ್ಷಕ್ಕೆ 7,000 ಮಿಲಿಮೀಟರ್ ದಾಟಿ ಮಳೆ, ಕಲಬುರಗಿಗೆ 750ರಿಂದ 800ರ ನಡುವೆ. ಬೀದರ್‌ಗೆ ಇನ್ನಷ್ಟು ಜಾಸ್ತಿ, ಯಾದಗಿರಿಗೆ ಕಮ್ಮಿ. ಜೂನ್ ಜುಲೈನಲ್ಲಿ ನಮ್ಮ ಪಾಲಿಗೆ ಬರೋದು ಘಟ್ಟ ದಾಟಿ ಉಳಿದ ಜಿಟಿಜಿಟಿ, ನಡುನಡುವೆ ಹತ್ತು ಹದಿನೈದು ದಿನ ಒಣ. ನಮ್ಮ ದೊಡ್ಡ ಮಳೆ ಬರೋದು ಸೆಪ್ಟೆಂಬರ್‌ನಲ್ಲಿ, ಹುಬ್ಬಾ ಉತ್ತರೆಯಲ್ಲಿ. ಆಗ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ ಎದ್ದು ಪಡುವಣಕ್ಕೆ ನಮ್ಮ ತನಕ ನುಗ್ಗುತ್ತೆ. ಘಟ್ಟ ನಮಗೆ ಅಡ್ಡ ಬರೋದು ಪಡುವಣದ ಮೋಡಕ್ಕೆ ಮಾತ್ರ, ಮೂಡಣದಿಂದ ಬಂದದ್ದಕ್ಕೆ ಬಾಗಿಲು ತೆರೆದೇ ಇದೆ. ಅದು ಅತಿ ಆದರೆ ಏನಾಗುತ್ತೆ ಅಂತ 2020ರ ಅಕ್ಟೋಬರ್‌ನಲ್ಲಿ ಭೀಮಾ ತೋರಿಸಿದಳು. ಕೊಲ್ಲಿಯಿಂದ ಬಂದ ವಾಯುಭಾರ ಕುಸಿತ ತೆಲಂಗಾಣ ದಾಟಿ ನಮ್ಮ ಮೇಲೆ ಹಾದು ಮಹಾರಾಷ್ಟ್ರಕ್ಕೆ ಹೋಯಿತು, ಮೇಲಿಂದ ಉಜನಿ ಜಲಾಶಯದ ನೀರೂ ಬಂತು. ಅಫಜಲಪುರ, ಜೇವರ್ಗಿ ಕಡೆಯ ಊರುಗಳು ಮುಳುಗಿದವು. 1972ರ ಬರ ಕಂಡ ಹಿರಿಯರು ಇದೇ ಹೊಳೆಯ ಒಣ ಮರಳಿನಲ್ಲಿ ವರತೆ ತೋಡಿ ನೀರು ತಂದವರು. ಒಟ್ಟು ಮಳೆ ಎಷ್ಟು ಅಂತ ಕೇಳಿದರೆ ನಮ್ಮ ಭಾಗದ ಬಗ್ಗೆ ಏನೂ ತಿಳಿಯೋದಿಲ್ಲ. ಎಷ್ಟು ದಿನಕ್ಕೆ ಹಂಚಿ ಬಂತು ಅಂತ ಕೇಳಬೇಕು.

ಬೀದರ್ ತಂಪು ಇರೋದಕ್ಕೆ ಮುಖ್ಯ ಕಾರಣ ಎತ್ತರ. ಕಲಬುರಗಿ ಸಮುದ್ರ ಮಟ್ಟದಿಂದ ಸುಮಾರು 450 ಮೀಟರ್ ಎತ್ತರದಲ್ಲಿದೆ. ಬೀದರ್ ಕೆಂಪು ಜಂಬಿಟ್ಟಿಗೆಯ ದಿಬ್ಬದ ಮೇಲೆ ಅದಕ್ಕಿಂತ ಇನ್ನೂರು ಮೀಟರ್‌ನಷ್ಟು ಮೇಲೆ ಕೂತಿದೆ. ನೂರು ಮೀಟರ್ ಏರಿದರೆ ಮುಕ್ಕಾಲರಿಂದ ಒಂದು ಡಿಗ್ರಿ ಇಳಿಯುತ್ತೆ ಅಂತ ಇಟ್ಟುಕೊಳ್ಳಿ. ಒಂದೂವರೆ ಎರಡು ಡಿಗ್ರಿ ವ್ಯತ್ಯಾಸ ಅಲ್ಲೇ ಬಂತು. ಯಾದಗಿರಿ ಕಲಬುರಗಿಗಿಂತ ತಗ್ಗು. ಅಲ್ಲಿ ಶಹಾಪುರ, ಸುರಪುರದ ಕಡೆ ನಾರಾಯಣಪುರದ ಕಾಲುವೆ ನೀರಿನ ಭತ್ತದ ಗದ್ದೆ ಇರುವಲ್ಲಿ ಧಗೆಯ ಜೊತೆ ಹಬೆಯೂ ಇರುತ್ತೆ. ಆ ಗದ್ದೆಯಲ್ಲಿ ಬಗ್ಗಿ ಕೆಲಸ ಮಾಡುವ ಹೆಣ್ಣುಮಕ್ಕಳ ಮೈಗೆ ಏನಾಗುತ್ತೆ ಅನ್ನೋದು ಪೇಪರ್‌ನ ತಾಪಮಾನದಲ್ಲಿ ಕಾಣೋದಿಲ್ಲ.

ಆ ಅಂಕಿಯ ಬಗ್ಗೆ ಎರಡು ಮಾತು. 42 ಅಂದರೆ ನೆರಳಿನ 42. ಥರ್ಮಾಮೀಟರ್ ಇರೋದು ಗಾಳಿಯಾಡುವ ಬಿಳಿ ಮರದ ಪೆಟ್ಟಿಗೆಯೊಳಗೆ, ನೆಲದಿಂದ ಎದೆಮಟ್ಟದಲ್ಲಿ. ಕಲಬುರಗಿಯ ಸೂಪರ್ ಮಾರ್ಕೆಟ್ ರಸ್ತೆಯಲ್ಲಿ ತಳ್ಳುಗಾಡಿ ಹಿಡಿದು ನಿಂತವನ ಬಿಸಿಲು ಬೇರೆ. ಎರಡನೇದು, 'ಬಿಸಿಗಾಳಿ' ಅಂತ ಹವಾಮಾನ ಇಲಾಖೆ ಘೋಷಿಸಬೇಕಾದರೆ ಬಯಲು ಸೀಮೆಯಲ್ಲಿ ಕನಿಷ್ಠ 40 ಮುಟ್ಟಿರಬೇಕು, ಜೊತೆಗೆ ಆ ಜಾಗದ ವಾಡಿಕೆಗಿಂತ ಕನಿಷ್ಠ 4.5 ಡಿಗ್ರಿ ಜಾಸ್ತಿ ಇರಬೇಕು. ಇಲ್ಲವೇ ನೇರ 45 ಮುಟ್ಟಬೇಕು. ನಮ್ಮ ಮೇ ತಿಂಗಳ ವಾಡಿಕೆಯೇ 40ರ ಮೇಲೆ. ಹಾಗಾಗಿ 43ರ ದಿನ ಇಲ್ಲಿ 'ಮಾಮೂಲು' ಅಂತ ಲೆಕ್ಕ. 38ರ ಕುದಿಯ ದಿನಕ್ಕಂತೂ ಬಿಸಿಗಾಳಿಯ ಎಚ್ಚರಿಕೆ ಬರೋದೇ ಇಲ್ಲ. ನಮ್ಮ ಭಾಗದ ಸರ್ಕಾರಿ ಕಚೇರಿಗಳಿಗೆ ಏಪ್ರಿಲ್ ಮೇ ತಿಂಗಳಲ್ಲಿ ಬೆಳಗ್ಗೆ 8ರಿಂದ ಮಧ್ಯಾಹ್ನ 1.30ರ ಹೊತ್ತು ಇದೆ, ಒಳ್ಳೇದೇ. ಜೂನ್ 1ಕ್ಕೆ ಅದೂ ಮುಗೀತು. ಕ್ಯಾಲೆಂಡರ್ ನೋಡಿ ಬೇಸಿಗೆ ಹೋಗೋದಿಲ್ಲ ಅಂತ ಯಾರು ಹೇಳಬೇಕು?

ನೀವು 'ನಮಗೆ ಹೊಸದಲ್ಲ' ಅಂತ ಬರೆದಿದ್ದೀರಿ. ಅದರಲ್ಲಿ ಸತ್ಯ ಇದೆ. ಒಂದೆರಡು ವಾರ ಬಿಸಿಲಿಗೆ ಬಿದ್ದರೆ ಮೈ ಕಲಿಯುತ್ತೆ, ಬೇಗ ಬೆವರುತ್ತೆ, ಬೆವರಿನಲ್ಲಿ ಉಪ್ಪು ಕಮ್ಮಿ ಬಿಡುತ್ತೆ. ಆದರೆ ಇದು ಹುಟ್ಟಿನಿಂದ ಬಂದ ಗುಣ ಅಲ್ಲ. ತಿಂಗಳು ಬಿಟ್ಟರೆ ಹೋಗುತ್ತೆ. ಪುಣೆ, ಬೆಂಗಳೂರಿಂದ ಜಾತ್ರೆಗೆ, ಮದುವೆಗೆ ಅಂತ ಊರಿಗೆ ಬಂದ ಹುಡುಗರು ಬಂದ ದಿನವೇ ಪೆಂಡಾಲ್ ಹಾಕೋಕೆ ಹೋಗಿ ಬೀಳ್ತಾರೆ. ವಯಸ್ಸಾದವರಿಗೆ ಬಾಯಾರಿಕೆಯೇ ತಡವಾಗಿ ಗೊತ್ತಾಗುತ್ತೆ, ಬೆವರೂ ಕಮ್ಮಿ. ಮೇಲೆ ಕೆಲವು ಬಿಪಿ ಗುಳಿಗೆಗಳು ಮೂತ್ರದ ಮೂಲಕ ನೀರು ಉಪ್ಪು ಹೊರಗೆ ಹಾಕುವಂಥವು. ಹಾಗಂತ ನೀವೇ ಗುಳಿಗೆ ನಿಲ್ಲಿಸಬೇಡಿ. ಚೀಟಿ ತಗೊಂಡು ಮಾರ್ಚ್‌ನಲ್ಲೇ ಡಾಕ್ಟರ್ ಹತ್ತಿರ ಹೋಗಿ, ಬೇಸಿಗೆಗೆ ಏನಾದರೂ ಬದಲಿಸಬೇಕಾ, ಉಪ್ಪು ಹಾಕಿದ ಮಜ್ಜಿಗೆ ಎಷ್ಟು ಕುಡಿಯಬಹುದು ಅಂತ ಕೇಳಿ.

ಮತ್ತೆ ಹಾಗಾದರೆ ಏನು ಮಾಡಬೇಕು ಅನ್ನೋದನ್ನು ಮನೆಮಂದಿಗೆಲ್ಲ ಹೇಳಿಡಿ. ಬರೀ ಸುಸ್ತು, ಸೆಡೆತ, ತಲೆನೋವು ಇದ್ದರೆ ತಂಪಾದ ಜಾಗ, ಓಆರ್‌ಎಸ್. ಪ್ಯಾಕೆಟ್ ಇಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಟೀ ಚಮಚದ ಅಳತೆ, ಮಟ್ಟವಾಗಿ. ಮಾತು ತೊದಲಿತು, ಗುರುತು ಸಿಗುತ್ತಿಲ್ಲ, ಅಸಂಬದ್ಧ ಮಾತಾಡ್ತಾರೆ ಅಂದರೆ ಅದು ಬೇರೆಯೇ ಹಂತ. ಬೆವರು ಇದ್ದರೂ ಸರಿ, ಇಲ್ಲದಿದ್ದರೂ ಸರಿ. 108ಕ್ಕೆ ಫೋನ್ ಮಾಡಿ, ಆದರೆ ಗಾಡಿ ಬರಲಿ ಅಂತ ಕಾಯ್ತಾ ಕೂರಬೇಡಿ. ಬಟ್ಟೆ ಸಡಿಲಿಸಿ, ಕೊಡಗಟ್ಟಲೆ ನೀರು ಮೈಮೇಲೆ ಸುರಿಯಿರಿ, ಫ್ಯಾನ್ ಹಾಕಿ, ಐಸ್ ಸಿಕ್ಕರೆ ಕುತ್ತಿಗೆ, ಕಂಕುಳು, ತೊಡೆಸಂದಿಗೆ ಇಡಿ. ಎಚ್ಚರ ತಪ್ಪಿದವರ ಬಾಯಿಗೆ ನೀರು ಬಿಡಬೇಡಿ. ಜ್ವರದ ಗುಳಿಗೆ ಇಲ್ಲಿ ಕೆಲಸ ಮಾಡೋದಿಲ್ಲ. ಜ್ವರದಲ್ಲಿ ಮೆದುಳೇ ಬಿಸಿ ಏರಿಸು ಅಂತ ಹೇಳಿರುತ್ತೆ, ಗುಳಿಗೆ ಆ ಹುಕುಂ ವಾಪಸ್ ತೆಗೆಸುತ್ತೆ. ಬಿಸಿಲು ಬಡಿದಾಗ ಮೆದುಳು ತಂಪು ಮಾಡು ಅಂತಲೇ ಕೂಗ್ತಾ ಇರುತ್ತೆ, ಮೈಗೆ ಆಗ್ತಾ ಇರೋದಿಲ್ಲ. ಜೇಬಿನಲ್ಲಿ ಉಳ್ಳಾಗಡ್ಡಿ ಇಟ್ಟುಕೊಳ್ಳೋದು ಬಿಡೋದು ನಿಮಗೆ ಬಿಟ್ಟದ್ದು, ಅದರಿಂದ ನಷ್ಟ ಇಲ್ಲ, ಅದನ್ನೇ ನಂಬಿ ನೀರಿನ ಬಾಟಲಿ ಮರೆತರೆ ನಷ್ಟ.

ಮನೆಯಲ್ಲಿ ಮಾಡಬೇಕಾದದ್ದು ಜಾಸ್ತಿ ಇಲ್ಲ. ಮಾರ್ಚ್‌ನಲ್ಲೇ ಪತ್ರಾಸ್ ಮತ್ತು ಸ್ಲ್ಯಾಬ್ ಮೇಲೆ ಬಿಳಿ ಸುಣ್ಣ ಎರಡು ಕೈ ಹೊಡೆಸಿ. ಕೂಲರನ್ನು ಕಿಟಕಿಗೆ ಹೊರಗಿನಿಂದ ಗಾಳಿ ಎಳೆಯುವಂತೆ ಇಡಿ, ಎದುರಿನ ಕಿಟಕಿ ಒಂದು ಗೇಣು ತೆರೆದಿರಲಿ. ಕೂಲರ್ ಹಚ್ಚಿದ ಅರ್ಧ ಗಂಟೆಗೆ ಹಾಸಿಗೆ ಅಂಟಂಟು ಅನ್ನಿಸಿದರೆ ನೀರಿನ ಪಂಪ್ ಬಂದ್ ಮಾಡಿ, ಬರೀ ಗಾಳಿ ಬಿಡಿ. ಕೋಣೆಯೇ 40 ದಾಟಿದ್ದರೆ ಬರೀ ಫ್ಯಾನ್ ಒಲೆಗೆ ಊದಿದ ಹಾಗೆ. ಆಗ ಒದ್ದೆ ಟವೆಲ್ ಮೈಮೇಲೆ ಹಾಕಿಕೊಂಡು ಫ್ಯಾನ್ ಕೆಳಗೆ ಕೂರಬೇಕು.

ಅಪ್ಪನ ಹಟಕ್ಕೆ ನನ್ನ ಹತ್ತಿರ ಇರೋದು ಒಂದೇ ಉಪಾಯ. ಮುಂದಿನ ಏಪ್ರಿಲ್‌ನಲ್ಲಿ ಅವರ ಕಣ್ಣೆದುರೇ ಒಂದು ಹೊಸ ಮೇಣದಬತ್ತಿ ತೆಗೆದುಕೊಂಡು ಹೋಗಿ, ಆ ಕೋಣೆಯ ಮೇಲಿನ ಗೂಡಿನಲ್ಲಿ ನೆಟ್ಟಗೆ ನಿಲ್ಲಿಸಿ. ಅವರು ಕೆಳಗಿನ ಅಂತಸ್ತಿನಲ್ಲೇ ಮಲಗಲಿ, ಅವತ್ತು ಒಂದು ದಿನ. ನಾಲ್ಕು ಗಂಟೆಗೆ ಮಕ್ಕಳ ಕೈಲಿ ಅದನ್ನು ಇಳಿಸಿ ತರಿಸಿ ಅವರ ಮುಂದೆ ಇಡಿ.